ಆಟದ ಮುಖ ಯಾರದು?

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕಂಪ್ಯೂಟರ್ ಆಟಗಳ ಚರ್ಚೆಯೇ ಎಂದು ಕೆಲವು ಹಿರಿಯರಾದರೂ ಹುಬ್ಬು ಗಂಟಿಕ್ಕಿಯಾರು. ಆದರೆ ಗಡಿನಾಡಿನ ನಾವು ಯಕ್ಷಗಾನ ಬಯಲಾಟವನ್ನು ಇಂದಿಗೂ 'ಆಟ' ಎಂದೇ ಕರೆಯುವವರು, ತಾಳಮದ್ದಳೆಯನ್ನು 'ಕೂಟ' ಎನ್ನುವವರು. ಆಟದಲ್ಲಿ ಯಾವುದು ಕಟ್ಟು, ಯಾವುದು ಸ್ವಾತಂತ್ರ್ಯ, ಯಾರು ಎಲ್ಲಿಯವರೆಗೆ ಏನನ್ನು ಸೇರಿಸಬಹುದು ಎಂಬುದನ್ನು ರಾತ್ರಿಯಿಡೀ ಕುಳಿತು ನೋಡಿ, ಬೆಳಗಾದ ಮೇಲೆ ಚಹಾದಂಗಡಿಯಲ್ಲಿ ಅದನ್ನೇ ವಾದಿಸಿದ ಪರಂಪರೆ ನಮ್ಮದು. ಮಕ್ಕಳ ಕೈಯ ಮೊಬೈಲಿನಲ್ಲಿ, ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ನಡೆಯುವ ಆಟಗಳ ಕುರಿತು ಅದೇ ಪ್ರಶ್ನೆ ಈಗ ಬೇರೆ ರೂಪದಲ್ಲಿ ಎದ್ದಿದೆ. ಅದನ್ನು ನಮ್ಮ ನೆಲದಲ್ಲಿ ನಿಂತು ನೋಡಬೇಕೆಂಬುದು ನನ್ನ ಆಸೆ.

ವಿಷಯವನ್ನು ಮೊದಲು ಬಿಡಿಸಿ ಹೇಳಬೇಕು. ಅಂತರಜಾಲದ ಮೂಲಕ ಬೇರೆ ಬೇರೆ ಊರುಗಳ, ದೇಶಗಳ ಜನ ಒಂದೇ ಕಲ್ಪಿತ ಲೋಕದಲ್ಲಿ ಸೇರಿ ಆಡುವ ಆಟಗಳಿವೆ. 2004ರ ನವೆಂಬರಿನಲ್ಲಿ ಅಮೆರಿಕದ ಬ್ಲಿಝಾರ್ಡ್ ಕಂಪೆನಿ ಹೊರತಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಅವುಗಳಲ್ಲಿ ಬಹು ಪ್ರಸಿದ್ಧವಾದುದು. ಇಂತಹ ಆಟದ ಪರದೆಯ ಮೇಲೆ ಲೋಕವಷ್ಟೇ ಕಾಣುವುದಿಲ್ಲ. ಆಟಗಾರನ ಬಲಾಬಲವನ್ನು ತೋರಿಸುವ ಪಟ್ಟಿಗಳು, ನಕ್ಷೆ, ಅಂಕಿಗಳು, ಸೂಚನೆಗಳು, ಒತ್ತಬೇಕಾದ ಗುಂಡಿಗಳು ಸುತ್ತಲೂ ತುಂಬಿರುತ್ತವೆ. ಇಂಟರ್‌ಫೇಸ್ ಎಂದು ಅವರು ಕರೆಯುವ ಇದನ್ನು ನಾನು ಇಲ್ಲಿ 'ಆಟದ ಮುಖ' ಎನ್ನುತ್ತೇನೆ. ಬ್ಲಿಝಾರ್ಡ್ ಕಂಪೆನಿ ಈ ಮುಖವನ್ನು ತಿದ್ದುವ ಅವಕಾಶವನ್ನು ಆರಂಭದಿಂದಲೂ ಆಟಗಾರರಿಗೇ ಬಿಟ್ಟುಕೊಟ್ಟಿತು. ಬ್ರೆಜಿಲಿನ ವಿಶ್ವವಿದ್ಯಾಲಯವೊಂದರಲ್ಲಿ 1993ರಲ್ಲಿ ಹುಟ್ಟಿದ 'ಲುವಾ' ಎಂಬ ಪುಟ್ಟ ಗಣಕಭಾಷೆಯಲ್ಲಿ ಆಟಗಾರರು ತಮಗೆ ಬೇಕಾದುದನ್ನು ತಾವೇ ಬರೆದು ಜೋಡಿಸಿಕೊಂಡರು, ಇತರರಿಗೂ ಹಂಚಿದರು. ಆ್ಯಡ್‌ಆನ್ ಎನ್ನುವುದು ಇದನ್ನೇ. ಕನ್ನಡದಲ್ಲಿ 'ಸೇರ್ಪಡೆ' ಎಂದರೆ ಸಾಕು.

ಈ ಸೇರ್ಪಡೆಗಳಿರಬೇಕೇ ಬೇಡವೇ? ಬೇಕೆನ್ನುವವರ ವಾದ ಮೇಲ್ನೋಟಕ್ಕೆ ನಿರುಪದ್ರವಿ: ನನ್ನ ಕಣ್ಣಿಗೆ ಹೊಂದುವಂತೆ ನನ್ನ ಪರದೆಯನ್ನು ನಾನು ಅಣಿಗೊಳಿಸಿದರೆ ಯಾರಿಗೇನು ನಷ್ಟ? ಆದರೆ ನಡೆದುದು ಅಷ್ಟಕ್ಕೇ ನಿಲ್ಲಲಿಲ್ಲ. 'ಡಿಕರ್ಸಿವ್' ಎಂಬ ಸೇರ್ಪಡೆಯೊಂದು ಜತೆಗಾರರಲ್ಲಿ ಯಾರಿಗೆ ವಿಷವೇರಿದೆ, ಯಾರಿಗೆ ಶಾಪ ತಗಲಿದೆ ಎಂದು ತಾನೇ ಹುಡುಕಿ, ತಾನೇ ಮದ್ದನ್ನು ಆರಿಸಿ ಕೊಡುತ್ತಿತ್ತು. ಆಟಗಾರ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತ ಕುಳಿತರೆ ಸಾಕು. 2006ರ ಕೊನೆಯಲ್ಲಿ ಕಂಪೆನಿ ಆ ದಾರಿಯನ್ನು ಮುಚ್ಚಿತು. ಎಲ್ಲಿ ನಿಲ್ಲಬೇಕು, ಎಲ್ಲಿಂದ ಓಡಬೇಕು ಎಂದು ಆಟದ ನೆಲದ ಮೇಲೆಯೇ ಗೆರೆ ಎಳೆದು ತೋರಿಸುವ ಇನ್ನೊಂದು ಸೇರ್ಪಡೆಯನ್ನು 2010ರಲ್ಲಿ ನಿಷ್ಪ್ರಯೋಜಕಗೊಳಿಸಿತು. ನೋಡಿ ನಿರ್ಧರಿಸುವ ಕೆಲಸವನ್ನೇ ಅದು ಆಟಗಾರನ ಕೈಯಿಂದ ತೆಗೆದುಬಿಡುತ್ತದೆ ಎಂಬುದು ಕಾರಣ. ಕೊನೆಗೆ 2025ರಲ್ಲಿ, ಯುದ್ಧದ ನಡುವಿನ ಮಾಹಿತಿಯನ್ನು ಸೇರ್ಪಡೆಗಳು ಲೆಕ್ಕಹಾಕಿ ಸಲಹೆ ಕೊಡಲಾಗದಂತೆ ಮಾಡುತ್ತೇವೆ, ಅಗತ್ಯವಾದ ಸೂಚನೆಗಳನ್ನು ನಾವೇ ಆಟದೊಳಗೆ ಒದಗಿಸುತ್ತೇವೆ ಎಂದು ಪ್ರಕಟಿಸಿತು. ಇಪ್ಪತ್ತು ವರ್ಷ ಅಂಗಳವನ್ನು ತೆರೆದಿಟ್ಟವರು ಬೇಲಿ ಕಟ್ಟಲು ಹೊರಟುದು ಸುಮ್ಮನೆ ಅಲ್ಲ.

ಇದರ ಹಿಂದಿನ ಕಾರಣ ಅಧ್ಯಾಪಕನಾದವನಿಗೆ ಬೇಗ ಅರ್ಥವಾಗುತ್ತದೆ. ನಾನು ಸೇವೆಗೆ ಸೇರಿದ ಕಾಲದಲ್ಲಿ 'ಗೈಡು' ಇಟ್ಟುಕೊಳ್ಳುವ ವಿದ್ಯಾರ್ಥಿ ಅದನ್ನು ಚೀಲದ ತಳದಲ್ಲಿ ಅಡಗಿಸುತ್ತಿದ್ದ. ನಿವೃತ್ತಿಯ ವೇಳೆಗೆ ಪಠ್ಯಪುಸ್ತಕವೇ ಚೀಲದ ತಳ ಸೇರಿತ್ತು. ಎಲ್ಲರ ಕೈಯಲ್ಲೂ ಗೈಡು ಇದೆ ಎಂದು ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಗೊತ್ತಾದ ಮೇಲೆ ಪ್ರಶ್ನೆಗಳು ತಿರುಚಿಕೊಂಡವು. ಪ್ರಶ್ನೆ ತಿರುಚಿಕೊಂಡಂತೆ ಗೈಡು ದಪ್ಪವಾಯಿತು. ನಡುವೆ ಸಿಕ್ಕಿಬಿದ್ದವನು ಗೈಡಿಲ್ಲದ ಬಡ ಹುಡುಗ. ಆಟದಲ್ಲೂ ಆದುದು ಇದೇ. ಎದುರಾಳಿ ರಾಕ್ಷಸ ಯಾವ ಕ್ಷಣದಲ್ಲಿ ಏನು ಮಾಡುತ್ತಾನೆಂದು ಮೊದಲೇ ಕೂಗಿ ಹೇಳುವ ಸೇರ್ಪಡೆಗಳು ಎಲ್ಲರಲ್ಲೂ ಇವೆ ಎಂಬ ಲೆಕ್ಕದಲ್ಲಿಯೇ ಮುಂದಿನ ಸವಾಲುಗಳನ್ನು ಕಠಿಣಗೊಳಿಸಬೇಕಾಯಿತು ಎಂಬುದು ಆಟವನ್ನು ರಚಿಸಿದವರೇ ಒಪ್ಪಿಕೊಂಡ ಮಾತು. ಆ ಸೇರ್ಪಡೆ ಇಲ್ಲದವನನ್ನು ತಂಡಗಳು ಸೇರಿಸಿಕೊಳ್ಳಲು ಹಿಂಜರಿಯುತ್ತವೆ. 'ಬೇಕಾದವರು ಹಾಕಿಕೊಳ್ಳಲಿ' ಎಂಬಲ್ಲಿಂದ ಹೊರಟ ಸ್ವಾತಂತ್ರ್ಯ 'ಹಾಕಿಕೊಳ್ಳದವನು ಹೊರಗಿರಲಿ' ಎಂಬಲ್ಲಿಗೆ ಮುಟ್ಟಿತು.

ಹಾಗಾದರೆ ಪೂರ್ತಿ ನಿಷೇಧವೇ ಸರಿಯೆ? ಜಪಾನಿನ 'ಫೈನಲ್ ಫ್ಯಾಂಟಸಿ 14' ಎಂಬ ಆಟದ ನಿಯಮಾವಳಿಯಲ್ಲಿ ಹೊರಗಿನ ಯಾವ ಸಾಧನಕ್ಕೂ ಅನುಮತಿಯಿಲ್ಲ. ಆದರೂ ಜನ ಗುಟ್ಟಾಗಿ ಬಳಸುತ್ತಾರೆ. 2023ರ ಆರಂಭದಲ್ಲಿ ಅತಿ ಕಠಿಣವಾದ ಸವಾಲೊಂದನ್ನು ಜಗತ್ತಿನಲ್ಲೇ ಮೊದಲು ಗೆದ್ದ ತಂಡ, ರಣರಂಗವನ್ನು ಆಟವು ಅನುಮತಿಸುವುದಕ್ಕಿಂತ ದೂರದಿಂದ ನೋಡುವ ಸಾಧನವನ್ನು ಬಳಸಿತ್ತೆಂಬುದು ಬಯಲಾಯಿತು. ಆಟದ ನಿರ್ಮಾಪಕರಾದ ನವೋಕಿ ಯೋಶಿದಾ ಬಹಿರಂಗ ಪತ್ರ ಬರೆದು ಆ ಗೆಲುವನ್ನು ಮನ್ನಿಸಲಾಗದು ಎಂದರು. ಕುತೂಹಲದ ಸಂಗತಿಯೆಂದರೆ, ಅವರೇ 2022ರಲ್ಲಿ ಇಂತಹದೇ ಗಲಾಟೆಯಾದಾಗ, ಜನ ಯಾಕೆ ಹೊರಗಿನ ಸಾಧನಕ್ಕೆ ಹೋಗುತ್ತಾರೆಂದು ನೋಡಿ ಆಟದ ಮುಖವನ್ನು ನಾವೇ ಉತ್ತಮಗೊಳಿಸಬೇಕು ಎಂಬ ಧಾಟಿಯಲ್ಲಿ ಬರೆದಿದ್ದರು. ನಿಷೇಧ ಮಾತ್ರದಿಂದ ಕೆಲಸವಾಗದು ಎಂಬುದು ಅವರಿಗೂ ಗೊತ್ತಿತ್ತು. ಕದ್ದು ಬಳಸುವಲ್ಲಿ ಇನ್ನೊಂದು ಕೇಡಿದೆ: ಪ್ರಾಮಾಣಿಕನು ಮಾತ್ರ ಅದರಿಂದ ವಂಚಿತನಾಗುತ್ತಾನೆ.

ನಮ್ಮ ಊರಿನ ಹುಡುಗರ ಮಾತು ಬೇರೆ. ಅವರದು ಹೆಚ್ಚಾಗಿ ಮೊಬೈಲು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದಾಗ ಮುಖ ಸಪ್ಪೆ ಮಾಡಿಕೊಂಡವರು 2021ರ ಜುಲೈಯಲ್ಲಿ ಅದೇ ಆಟ ಇಂಡಿಯಾದ ಹೆಸರು ಸೇರಿಸಿಕೊಂಡು ಬಂದಾಗ ಮತ್ತೆ ಅರಳಿದರು. ಅಲ್ಲಿ ಗೋಡೆಯಾಚೆಗಿನ ಶತ್ರುವನ್ನು ತೋರಿಸುತ್ತೇವೆಂದು ಹೊರಗಿನವರು ಹಂಚುವ ಸರಕು ಸೇರ್ಪಡೆಯಲ್ಲ, ಕಳ್ಳತನ; ಹಾಕಿಕೊಂಡವನ ಖಾತೆಯೂ ಹೋಗುತ್ತದೆ, ಫೋನಿನೊಳಗಿನ ಗುಟ್ಟುಗಳೂ ಹೋಗಬಹುದು. ಇದರಲ್ಲಿ ಚರ್ಚೆಗೆ ಏನೂ ಇಲ್ಲ. 2021ರ ಜೂನಿನಲ್ಲಿ ಕೋವಿಡ್ ಪರಿಹಾರಕ್ಕಾಗಿ ವಿಶ್ವನಾಥನ್ ಆನಂದರ ಎದುರು ಅಂತರಜಾಲದಲ್ಲಿ ಚದುರಂಗವಾಡಿ ಗೆದ್ದ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್, ತಜ್ಞರ ಮತ್ತು ಕಂಪ್ಯೂಟರಿನ ನೆರವು ಪಡೆದುದನ್ನು ಮರುದಿನವೇ ಒಪ್ಪಿಕೊಂಡರು. ಆಟ ದಾನಕ್ಕಾಗಿ ನಡೆದುದು, ನಿಜ. ಆದರೂ ಜನರಿಗೆ ಕಸಿವಿಸಿಯಾದುದು ಏಕೆ? ಮಣೆಯ ಎದುರು ಕುಳಿತವನು ಅವನಲ್ಲ, ಬೇರೆ ಯಾರೋ ಎಂದು ತಿಳಿದುದರಿಂದ.

ಇಷ್ಟಾದ ಮೇಲೂ ನಾನು ಸೇರ್ಪಡೆಗಳ ಪರವಾಗಿಯೇ ಮಾತನಾಡಬೇಕಾಗಿದೆ. ಅದಕ್ಕೆ ಕಾರಣ ನಮ್ಮ ಭಾಷೆಯ ಚರಿತ್ರೆ. ಕಂಪ್ಯೂಟರಿನಲ್ಲಿ ಕನ್ನಡ ಬಂದುದು ಹೇಗೆ? ದೊಡ್ಡ ಕಂಪೆನಿಗಳು ಕೊಟ್ಟವೆಂದೇ? ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಕ್ಕೆ ತಕ್ಕ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ಉಚಿತವಾಗಿ ಬಿಟ್ಟುಕೊಟ್ಟರು. ಇಂದು 'ನುಡಿ'ಯಲ್ಲಿ ಬೆರಳಾಡಿಸುವವರೆಲ್ಲ ಬಳಸುವುದು ಅಲ್ಪಸ್ವಲ್ಪ ಬದಲಾದ ಅದೇ ವಿನ್ಯಾಸವನ್ನು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ವಿಂಡೋಸ್ ತಾನಾಗಿ ಕನ್ನಡ ಅಕ್ಷರವನ್ನು ಮೂಡಿಸಲು 2001ರ ಎಕ್ಸ್‌ಪಿ ಬರಬೇಕಾಯಿತು. ಅಲ್ಲಿಯವರೆಗೆ ಕನ್ನಡವೇ ಒಂದು ಆ್ಯಡ್‌ಆನ್! ಯಂತ್ರದ ಒಡೆಯರು 'ನಮ್ಮ ಮುಖವನ್ನು ಯಾರೂ ತಿದ್ದಕೂಡದು' ಎಂದು ಬೀಗ ಹಾಕಿದ್ದರೆ ಎಷ್ಟು ವರ್ಷ ನಾವು ಹೊರಗೆ ಕಾಯುತ್ತಿದ್ದೆವು?

1956ರ ನವೆಂಬರ್ 1ರ ಬಳಿಕ ಕಾಸರಗೋಡಿನ ಕನ್ನಡಿಗರಿಗೆ ಈ ಪ್ರಶ್ನೆಯ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ. ಬಸ್ಸಿನ ಫಲಕ, ಅರ್ಜಿಯ ನಮೂನೆ, ಗೋಡೆಯ ಸೂಚನೆ, ಇವೆಲ್ಲ ವ್ಯವಸ್ಥೆಯ ಮುಖಗಳು. ಬಸ್ಸು ಎಲ್ಲರಿಗೂ ಒಂದೇ, ದರವೂ ಒಂದೇ. ಆದರೆ ಫಲಕ ಓದಲಾರದವನು ಪಕ್ಕದವನನ್ನು ಕೇಳಿಯೇ ಹತ್ತಬೇಕು. ಫಲಕದ ಕೆಳಗೆ ಕನ್ನಡದಲ್ಲಿ ಊರಿನ ಹೆಸರು ಬರೆದರೆ ಬಸ್ಸಿನ ದಾರಿ ಬದಲಾಗುವುದಿಲ್ಲ, ಮಲಯಾಳ ಓದುವವನಿಗೆ ಸೀಟು ಕಡಿಮೆಯಾಗುವುದಿಲ್ಲ. ಮುಖವನ್ನು ತಿದ್ದುವುದಕ್ಕೂ ಆಟವನ್ನು ಕೆಡಿಸುವುದಕ್ಕೂ ಇರುವ ಅಂತರ ಇದು.

ಆಟಗಳ ಲೋಕದಲ್ಲಿಯೂ ಇದಕ್ಕೆ ನಿದರ್ಶನಗಳಿವೆ. ಮಕ್ಕಳು ಮೆಚ್ಚುವ 'ಮೈನ್‌ಕ್ರಾಫ್ಟ್' ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆ ಅನುವಾದ ಕಂಪೆನಿಯ ನೌಕರರದಲ್ಲ, ಸ್ವಯಂಸೇವಕರದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನ ಹಳೆಯ ಆವೃತ್ತಿಗೆ 'ಸ್ಕು' ಎಂಬ ಸೇರ್ಪಡೆಯೊಂದಿದೆ. ಪರದೆಯನ್ನೇ ಕಾಣದ ಅಂಧರು ಧ್ವನಿಯ ಆಸರೆಯಿಂದ ಆ ಲೋಕದಲ್ಲಿ ನಡೆದಾಡುವುದನ್ನು ಅದು ಸಾಧ್ಯಗೊಳಿಸಿತು. ಕೆಂಪು ಹಸಿರುಗಳ ಭೇದ ತಿಳಿಯದವನಿಗೆ ಬಣ್ಣ ಬದಲಿಸಿಕೊಡುವುದು, ನನ್ನಂತಹ ಕನ್ನಡಕದವನಿಗೆ ಅಕ್ಷರ ಹಿಗ್ಗಿಸಿಕೊಡುವುದು, ಇವೆಲ್ಲ ಮೊದಲು ಹುಟ್ಟುವುದು ಬೇಕಾದವನ ಮನೆಯಲ್ಲಿಯೇ. ಲಾಭದ ಲೆಕ್ಕ ಹಾಕುವ ಕಂಪೆನಿಗೆ ಅಲ್ಪಸಂಖ್ಯಾತರ ಅಗತ್ಯ ಕಡೆಯ ಸಾಲಿನಲ್ಲಿರುತ್ತದೆ.

ಆದರೆ ಗೆರೆಯನ್ನು ಎಲ್ಲಿ ಎಳೆಯೋಣ? ಅಕ್ಷರ ಹಿಗ್ಗಿಸುವುದೂ ನೆರವೇ, ಹೊಡೆತ ಬರುತ್ತದೆಂದು ಕೂಗುವುದೂ ನೆರವೇ. ಇಲ್ಲಿ ನನಗೆ ತಾಳಮದ್ದಳೆಯ ಕೂಟ ನೆನಪಾಗುತ್ತದೆ. ಪ್ರಸಂಗದ ಪದ್ಯ ಇಬ್ಬರಿಗೂ ಒಂದೇ. ಭಾಗವತರು ಹಾಡಿದುದನ್ನು ವಾಲಿಯೂ ಕೇಳುತ್ತಾನೆ, ರಾಮನೂ ಕೇಳುತ್ತಾನೆ. ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಅದರ ಮೇಲೆ ಕಟ್ಟುವ ಅರ್ಥ ಮಾತ್ರ ಅವರವರ ವಿದ್ಯೆ, ಅವರವರ ಸಮಯಸ್ಫೂರ್ತಿ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಎದುರು ಕುಳಿತವರು ಯಾವ ಪ್ರಶ್ನೆ ಯಾವ ದಿಕ್ಕಿನಿಂದ ಬರುತ್ತದೆಂದು ತಿಳಿಯದೆಯೇ ಉತ್ತರಿಸಬೇಕಾಗಿತ್ತು. ಕೂಟದ ಸ್ವಾರಸ್ಯವೆಲ್ಲ ಆ ತಿಳಿಯದಿರುವುದರಲ್ಲಿತ್ತು. ಕಿವಿ ಮಂದವಾದ ಅರ್ಥಧಾರಿಯೊಬ್ಬರು ಪದ್ಯದ ಸಾಲುಗಳನ್ನು ದಪ್ಪಕ್ಷರದಲ್ಲಿ ಬರೆದು ಮುಂದಿಟ್ಟುಕೊಂಡರೆ ಯಾವ ಸಭೆಯೂ ಆಕ್ಷೇಪಿಸಲಾರದು. ಆದರೆ ಎದುರಾಳಿಯ ಪ್ರಶ್ನೆಗೆ ಉತ್ತರವನ್ನು ಬೆನ್ನ ಹಿಂದೆ ಕುಳಿತವನೊಬ್ಬ ಪಿಸುಗುಟ್ಟತೊಡಗಿದರೆ? ಅದು ಎರಡನೆಯ ಅರ್ಥಧಾರಿಯ ಸೋಲು ಮಾತ್ರವಲ್ಲ, ಕೂಟವೇ ಮುಗಿದಂತೆ.

ಆಟಿ ತಿಂಗಳ ಚೆನ್ನೆಮಣೆಯನ್ನೇ ನೋಡಿ. ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿಗಳು; ಮುಚ್ಚಿಟ್ಟದ್ದು ಏನೂ ಇಲ್ಲ. ದೃಷ್ಟಿ ಮಂದವಾದ ಅಜ್ಜಿಗೆ ಯಾವ ಗುಳಿಯಲ್ಲಿ ಎಷ್ಟು ಕಾಯಿ ಎಂದು ಮೊಮ್ಮಗಳು ಎಣಿಸಿ ಹೇಳಿದರೆ ಅದು ಕಣ್ಣಿಗೆ ಕೊಟ್ಟ ನೆರವು. 'ಅಜ್ಜೀ, ಮೂರನೆಯದನ್ನು ಎತ್ತಿ' ಎಂದರೆ ಆಡಿದವಳು ಮೊಮ್ಮಗಳು. ಇಷ್ಟು ಸಣ್ಣ ಮಣೆಯ ಮೇಲಿನ ನ್ಯಾಯವೂ ಸಣ್ಣದಲ್ಲ. ಸಿರಿಯ ಪಾಡ್ದನದಲ್ಲಿ ಅವಳಿ ಸೋದರಿಯರಾದ ಅಬ್ಬಗ ದಾರಗರು ಚೆನ್ನೆಯಾಡುತ್ತಲೇ ಜಗಳಕ್ಕಿಳಿದು, ಮಣೆಯೇ ಆಯುಧವಾಗಿ ಜೀವ ಹೋದ ಕಥೆಯನ್ನು ತುಳುವರು ಮರೆತಿಲ್ಲ.

ಆದುದರಿಂದ ನನ್ನ ಅಭಿಪ್ರಾಯದಲ್ಲಿ, ಆಟ ಈಗಾಗಲೇ ಎಲ್ಲರ ಮುಂದಿಟ್ಟದ್ದನ್ನು ಒಬ್ಬನು ತನಗೆ ಕಾಣುವಂತೆ, ಕೇಳುವಂತೆ, ತನ್ನ ನುಡಿಯಲ್ಲಿ ಓದುವಂತೆ ಮಾಡಿಕೊಳ್ಳುವ ಸೇರ್ಪಡೆಗೆ ತಡೆ ಇರಬಾರದು. ಮುಚ್ಚಿಟ್ಟದ್ದನ್ನು ತೋರಿಸುವ, ಆಟಗಾರನ ಬದಲು ತೀರ್ಮಾನಿಸುವ ಸೇರ್ಪಡೆಗೆ ಎಡೆ ಇರಬಾರದು. ನಡುವೆ ಸಂಶಯದ ಪ್ರದೇಶವೊಂದು ಉಳಿದೇ ಉಳಿಯುತ್ತದೆ. ಅಂಧನಿಗೆ ದಾರಿ ಹೇಳುವ ಧ್ವನಿ ಕಣ್ಣಿದ್ದವನ ಕೈಯಲ್ಲಿ ಬೇರೆಯೇ ಆದೀತು. ಅಲ್ಲಿ ಬ್ಲಿಝಾರ್ಡ್ 2009ರಲ್ಲಿ ವಿಧಿಸಿದ ನಿಯಮಗಳು ನನಗೆ ಮೆಚ್ಚುಗೆಯಾಗಿವೆ: ಸೇರ್ಪಡೆಯನ್ನು ಹಣಕ್ಕೆ ಮಾರಕೂಡದು, ಅದರ ಒಳಬರೆಹ ಯಾರು ಬೇಕಾದರೂ ಓದಿ ನೋಡುವಂತಿರಬೇಕು. ಅಂದು ಕೆಲವು ತಯಾರಕರು ಸಿಟ್ಟಾದರು. ಆದರೆ ಹಣವಿದ್ದವನಿಗೆ ಮಾತ್ರ ಸಿಗುವ ನೆರವು ಎಷ್ಟು ಬೇಗ ಅಂತಸ್ತಾಗಿ ಮಾರ್ಪಡುತ್ತದೆಂದು ಟ್ಯೂಷನ್ನಿನ ಕಾಲವನ್ನು ಕಂಡವರಿಗೆ ಹೇಳಬೇಕಾಗಿಲ್ಲ.

ಈಗಿನ ಬೇಲಿಯ ಕುರಿತು ಒಂದು ಮಾತು. ಸೂಚನೆ ಕೊಡುವ ಕೆಲಸವನ್ನು ಕಂಪೆನಿ ತಾನೇ ವಹಿಸಿಕೊಂಡುದು ನ್ಯಾಯದ ದೃಷ್ಟಿಯಿಂದ ಸರಿ. ಎಲ್ಲರಿಗೂ ಒಂದೇ ಸೂಚನೆ ದೊರೆಯುತ್ತದೆ. ಬಣ್ಣ, ಆಕಾರ, ಅಳತೆಗಳನ್ನು ಮಾತ್ರ ಬದಲಿಸುವ ಸೇರ್ಪಡೆಗಳು ಮುಂದುವರಿಯಬಹುದೆಂದೂ ಅದು ಹೇಳಿದೆ. ಆದರೆ ಆ ಸೂಚನೆಗಳು ಬರುವುದು ಯಾವ ಭಾಷೆಯಲ್ಲಿ? ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ರಷ್ಯನ್, ಕೊರಿಯನ್, ಚೀನೀ ಹೀಗೆ ಸಾಗುವ ಆ ಆಟದ ಪಟ್ಟಿಯಲ್ಲಿ ಭಾರತದ ಒಂದು ಭಾಷೆಯೂ ಇಲ್ಲ. ಹಿಂದಿಯೂ ಇಲ್ಲ, ಮಲಯಾಳವೂ ಇಲ್ಲ. ಈ ಒಂದು ವಿಷಯದಲ್ಲಿ ಚಂದ್ರಗಿರಿ ಹೊಳೆಯ ಎರಡು ದಡದವರೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದೇವೆ. ನಮ್ಮ ಮಕ್ಕಳಲ್ಲಿ ಲುವಾ ಕಲಿತವರು ಯಾರಾದರೂ ಇದ್ದರೆ, ಕಂಪೆನಿ ತೆರೆದಿಟ್ಟ ಆ ಸಣ್ಣ ಕಿಂಡಿಯಿಂದ ಕನ್ನಡ ಎಷ್ಟು ಒಳಗೆ ಹೋದೀತೆಂದು ನೋಡಲಿ. ತುಳುವಿನ ಸರದಿಯೂ ಇದೆ.