ಲಕ್ಕಮ್ಮನ ಅಳತೆಗೋಲು ಮತ್ತು ‘ಗೌರವಧನ’

ಆಯ್ದಕ್ಕಿ ಲಕ್ಕಮ್ಮನ ವಚನಗಳನ್ನು ವಿವೇಚಿಸುವಾಗ ನಮ್ಮ ವಿಮರ್ಶಕರು ಬಹುಮಟ್ಟಿಗೆ ಒಂದೇ ಪ್ರಸಂಗಕ್ಕೆ ಬಂದು ನಿಲ್ಲುತ್ತಾರೆ: ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದುದು, ಆಕೆ ಅದನ್ನು ಮರಳಿ ಸುರಿದು ಬರಹೇಳಿದುದು. ಇದರಿಂದ ಅವರು ತೆಗೆಯುವ ಸಾರ ನಿರ್ಲೋಭ, ತ್ಯಾಗ, ಅಲ್ಪತೃಪ್ತಿ. ಸಾರವೇನೋ ಸುಳ್ಳಲ್ಲ, ಆದರೆ ಅರ್ಧ. ಆ ಮನೆಗೆ ಎಷ್ಟು ಸಾಕೆಂಬುದನ್ನು ನಿರ್ಣಯಿಸಿದವರು ಯಾರು? ಬಸವಣ್ಣನವರ ಮಹಾಮನೆಯಲ್ಲ, ಪತಿಯೂ ಅಲ್ಲ. ದುಡಿಮೆಯ ಪಾಲುಗಾರಳಾದ ಲಕ್ಕಮ್ಮನೇ. ಅನುಭಾವಗೋಷ್ಠಿಯಲ್ಲಿ ಮೈಮರೆತ ಪತಿಗೆ ಕಾಯಕದ ವೇಳೆಯನ್ನು ನೆನಪಿಸಿದವಳೂ ಆಕೆಯೇ. ಕಾಯಕದ ಅಳತೆಗೋಲು ಕಾಯಕಜೀವಿಯ ಕೈಯಲ್ಲಿಯೇ ಇತ್ತೆಂಬ ಅಂಶವನ್ನು ಬಿಟ್ಟು ಆಕೆಯ ತೃಪ್ತಿಯನ್ನಷ್ಟೇ ಕೊಂಡಾಡುವುದು ಪಠ್ಯಕ್ಕೆ ಬಗೆವ ಅನ್ಯಾಯ.

ಈ ಅರ್ಧ ಓದು ಗ್ರಂಥದೊಳಗೇ ಉಳಿದಿದ್ದರೆ ಬಾಧೆಯಿರಲಿಲ್ಲ. ಸಮಾಜಸೇವಾ ಸಂಸ್ಥೆಗಳ ವೇದಿಕೆಗಳಲ್ಲಿ ಲಕ್ಕಮ್ಮನ ಹೆಸರೆತ್ತಿ, ಅಲ್ಪ ಪ್ರತಿಫಲದ ಕಾರ್ಯಕರ್ತೆಯರಿಗೆ ಸಂತೃಪ್ತಿಯನ್ನು ಬೋಧಿಸುವ ಉಪನ್ಯಾಸಗಳನ್ನು ಕೇಳಿದವನು ನಾನು. ಅಂಗನವಾಡಿಯನ್ನೇ ನೋಡಿರಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ನಮ್ಮ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದು. ಮಗುವಿನ ತೂಕ ನೋಡಿ, ಉಣಬಡಿಸಿ, ಪಾಠ ಹೇಳಿ, ಗರ್ಭಿಣಿ ಬಾಣಂತಿಯರನ್ನು ವಿಚಾರಿಸಿ, ಕಡೆಗೆ ದಾಖಲೆಗಳನ್ನೂ ಬರೆಯುವ ಈ ದುಡಿಮೆಗೆ ಸಲ್ಲುವುದರ ಹೆಸರು ‘ಗೌರವಧನ’. ಪದ ಸೊಗಸಾಗಿದೆ; ಅದು ಮಾಡುವ ಕೆಲಸ ಸೊಗಸಲ್ಲ. ಗೌರವವೆಂದೊಡನೆ ಹಕ್ಕಿನ ಮಾತು ಒರಟೆನಿಸಿಬಿಡುತ್ತದೆ.

2006ರಲ್ಲಿ, ಕರ್ನಾಟಕದ್ದೇ ಆದ ಅಮೀರ್‌ಬಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಇವರದು ಸರಕಾರಿ ಹುದ್ದೆಯಲ್ಲವೆಂದಿತು. (ಸರಕಾರದ ಕೆಲಸ ದೇವರ ಕೆಲಸವೆಂದು ವಿಧಾನಸೌಧದ ಮೇಲೆ ಬರೆಸಿಕೊಂಡ ನಾಡು ನಮ್ಮದು!) 2022ರ ಏಪ್ರಿಲ್ 25ರಂದು ಅದೇ ನ್ಯಾಯಾಲಯ, ಗುಜರಾತಿನ ಪ್ರಕರಣವೊಂದರಲ್ಲಿ, 1972ರ ಗ್ರಾಚ್ಯುಟಿ ಕಾಯಿದೆಯ ಮಟ್ಟಿಗೆ ಆ ಗೌರವಧನವೂ ವೇತನವೇ; ಕಾರ್ಯಕರ್ತೆಯರೂ ಸಹಾಯಕಿಯರೂ ಗ್ರಾಚ್ಯುಟಿಗೆ ಅರ್ಹರು ಎಂದು ತೀರ್ಪಿತ್ತಿತು. ಒಂದು ಪದದ ಮುಸುಕು ಇಷ್ಟಾದರೂ ಸರಿಯಲು 46 ವರ್ಷಗಳಿಗೂ ಮೇಲೆ ಹಿಡಿಯಿತು.

ಈಚೆಗೆ ‘ಸಬಲೀಕರಣ’ವೆಂಬ ಮತ್ತೊಂದು ಪದ ಬಳಕೆಗೆ ಬಂದಿದೆ. ಬಲವಿಲ್ಲದವರಿಗೆ ಬೇರೆಯವರು ಬಲ ತುಂಬುತ್ತಾರೆಂಬ ಧ್ವನಿ ಅದರಲ್ಲಿದೆ. ನನಗೆ ಅದೂ ಒಪ್ಪಿತವಲ್ಲ. ಲಕ್ಕಮ್ಮನಿಗೆ ಬಲವನ್ನು ಯಾರೂ ಕೊಡಲಿಲ್ಲ. ಏನು ಉಣಿಸಬೇಕು, ಯಾವುದನ್ನು ಬರೆದಿಡಬೇಕು, ಎಷ್ಟು ಸಾಕು ಎಂಬುದೆಲ್ಲ ಮೇಲಿನಿಂದಲೇ ಗೊತ್ತಾಗಿ ಬರುವಲ್ಲಿ ತರಬೇತಿ ಶಿಬಿರಗಳಿಂದ ಏನಾದೀತು?

ಉಪನ್ಯಾಸಕರು ಆ ಪ್ರಸಂಗವನ್ನು ಮತ್ತೊಮ್ಮೆ ಓದಲಿ. ಹೆಚ್ಚಿನ ಅಕ್ಕಿ ಬೇಡವೆಂದವಳು ಅಕ್ಕಿ ಆಯುವ ಮನೆಯ ಶರಣೆ. ಅಕ್ಕಿಯುಳ್ಳವರು ಆಕೆಗೆ ಹಾಗೆ ಬೋಧಿಸಿದ ಪ್ರಸಂಗವನ್ನು ನಾನೆಲ್ಲಿಯೂ ಓದಿಲ್ಲ.