ನೂರು ಮೀಟರ್ ಅಳೆಯೋರು ಯಾರು?

ನಮ್ಮೂರಲ್ಲಿ ಹೊಲದ ಬದುವಿನ ಜಗಳ ಬಂದ್ರೆ ಹಿರಿಯರು ಮೊದಲು ಹಗ್ಗ ಹಿಡಿದು ಹೊಲಕ್ಕೆ ಹೋಗ್ತಿದ್ರು. ತೀರ್ಪು ಆಮೇಲೆ. ಬಸವೇಶ್ವರನಗರದಲ್ಲಿ ಸ್ಕೂಲ್ ಬ್ಯಾಗ್ ಹೊತ್ತ ಮಕ್ಕಳು ಬಾರ್ ಮುಂದೆ ಹಾದುಹೋಗೋದನ್ನ ನೋಡಿದಾಗ ಆ ಹಗ್ಗ ನೆನಪಾಗುತ್ತೆ.

ಕರ್ನಾಟಕದ 1967ರ ಅಬಕಾರಿ ಲೈಸೆನ್ಸ್ ನಿಯಮಗಳ ಪ್ರಕಾರ ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು. ಅಳೆಯೋದು ಜನ ನಡೆದುಹೋಗುವ ದಾರಿಯಲ್ಲಿ, ಕಾಗೆ ಹಾರುವ ದಾರಿಯಲ್ಲಲ್ಲ. ಹಾಗಾಗಿ ಗೇಟ್ ಯಾವ ಕಡೆಗಿದೆ ಅನ್ನೋದೇ ದೊಡ್ಡ ಪ್ರಶ್ನೆ. ಅಧಿಕಾರಿಯ ಅಳತೆ ಒಪ್ಪದವರಿಗೆ ಕೊನೆಗೆ ಉಳಿಯೋದು ಸಂವಿಧಾನದ 226ನೇ ವಿಧಿ, ಅಂದ್ರೆ ಹೈಕೋರ್ಟು.

ಅಲ್ಲಿ ನಡೆಯೋದು ನಮ್ಮ ಕೋಡ್ ರಿವ್ಯೂ ಥರಾನೇ. ರಿವ್ಯೂ ಮಾಡೋನು ತಾನೇ ಕೋಡ್ ಬರೆಯಲ್ಲ. ನಿಯಮ ಪಾಲಿಸಿದ್ಯಾ, ಎಲ್ಲ ಕಡೆಯವರ ಮಾತು ಕೇಳಿದ್ಯಾ ಅಂತ ನೋಡ್ತಾನೆ. ತಪ್ಪಿದ್ರೆ ವಾಪಸ್ ಕಳಿಸ್ತಾನೆ.

2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಈ ಗೆರೆ ದಾಟ್ತು ಅನ್ನೋದು ನನ್ನ ತಕರಾರು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಇಡೀ ದೇಶಕ್ಕೆ ಒಂದೇ ನಿಯಮ ಬರೀತು. ಉದ್ದೇಶ ಒಳ್ಳೇದೇ, ಕುಡಿದು ಓಡಿಸೋರಿಂದ ಸಾಯೋರು ಕಮ್ಮಿಯೇನಲ್ಲ. ಆದ್ರೆ ಮೈಸೂರು ರಸ್ತೆಗೂ, ಮೆಟ್ರೋ ಇಳಿದು ನಡೆದುಹೋಗುವ ಎಂ.ಜಿ. ರಸ್ತೆಗೂ ಒಂದೇ ಲೆಕ್ಕ! 2017ರ ಮಾರ್ಚ್‌ನಲ್ಲಿ ಮೊದಲ ಪ್ಯಾಚ್: 20,000 ಜನಸಂಖ್ಯೆವರೆಗಿನ ಊರುಗಳಿಗೆ 220 ಮೀಟರ್ ಸಾಕು. ಜುಲೈ 1ಕ್ಕೆ ಎಂ.ಜಿ. ರಸ್ತೆಯ ಪಬ್‌ಗಳಿಗೆ ಬೀಗ ಬಿತ್ತು, ಸಪ್ಲೈಯರ್‌ಗಳು ಬೀದಿಗೆ ಬಂದ್ರು. ಅದೇ ತಿಂಗಳು ಎರಡನೇ ಪ್ಯಾಚ್: ನಗರದೊಳಗಿನ ಲೈಸೆನ್ಸ್‌ಗಳಿಗೆ ಇದು ಅನ್ವಯಿಸಲ್ಲ.

ಹಾಗಂತ 'ಅದು ಅಧಿಕಾರಿಯ ವಿವೇಚನೆ' ಅಂತ ಕೋರ್ಟು ಕೈತೊಳೆದುಕೊಂಡ್ರೂ ಅನ್ಯಾಯವೇ. ಮದ್ಯ ಮಾರೋದು ಮೂಲಭೂತ ಹಕ್ಕಲ್ಲ ಅಂತ 1994ರಲ್ಲೇ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿದೆ. ಆದ್ರೆ ಸರ್ಕಾರ ಅವಕಾಶ ಕೊಟ್ಟಮೇಲೆ ಅರ್ಹರ ನಡುವೆ ತಾರತಮ್ಯ ಮಾಡುವಂತಿಲ್ಲ ಅಂತಲೂ ಹೇಳಿದೆ. ಅಂದ್ರೆ ಬಾರ್ ಮಾಲೀಕನಿಗೂ ನ್ಯಾಯ ಬೇಕು, ಪಕ್ಕದ ಮನೆಯವರಿಗೂ ಬೇಕು.

ಕೋರ್ಟು ದೇಶಕ್ಕೆಲ್ಲ ಹೊಸ ಅಳತೆಗೋಲು ಮಾಡೋದು ಬೇಡ. ಇರೋ ನೂರು ಮೀಟರನ್ನ ಯಾರು, ಯಾವಾಗ, ಯಾವ ಗೇಟಿಂದ ಅಳೆದ್ರು ಅಂತ ಬಿಡದೆ ಕೇಳಿದ್ರೆ ಸಾಕು. ನಮ್ಮೂರ ಹಿರಿಯರು ಮಾಡ್ತಿದ್ದಿದ್ದೂ ಅಷ್ಟೇ.