ನಡುನೆಲೆಯ ಕೊಳವೆ

ರಾಜಾಜಿಯವರು 1878ರ ಡಿಸೆಂಬರ್ 10ರಂದು ಜನಿಸಿದ ಊರನ್ನು ಕಾಣಬೇಕೆಂದು ತೊರಪಲ್ಲಿ ಅಗ್ರಹಾರಕ್ಕೆ ಬರುವ ಮಿತ್ರರನ್ನು, ಅವರ ಸ್ಮಾರಕಗೃಹದ ದರ್ಶನವಾದ ಮೇಲೆ, ನಾನು ತಪ್ಪದೆ ನಮ್ಮ ಹಿತ್ತಿಲಿನ ಬೋರಿನ ಬಳಿಗೆ ಕರೆದೊಯ್ಯುತ್ತೇನೆ. ನೆಲದಿಂದ ಮೊಳದುದ್ದ ಎದ್ದ ಒಂದು ಕೊಳವೆ, ಅದರ ಸುತ್ತ ಒಂದು ಕಟ್ಟೆ. ಅಲ್ಲಿ ಕಣ್ಣಿಗೆ ಬೀಳುವುದು ಇಷ್ಟೇ. ಬಾವಿಯ ಮರ್ಮವನ್ನು ಬಲ್ಲವರು ಮಾತ್ರ ಆಳವನ್ನೂ ನೀರಿನ ಇಂಚುಗಳನ್ನೂ ವಿಚಾರಿಸುವ ಮೊದಲೇ, ಕೇಸಿಂಗ್ ಎಂಬ ಆ ಕೊಳವೆಯ ಹೊರಮೈಗೂ ಕೊರೆದ ರಂಧ್ರದ ಗೋಡೆಗೂ ನಡುವಣ ಬಳೆಯಾಕಾರದ ತೆರಪಿನಲ್ಲಿ ಏನಿದೆಯೆಂದು ಕೇಳುತ್ತಾರೆ.

ಆ ಪ್ರಶ್ನೆಯನ್ನು ನನಗೆ ಕಲಿಸಿದ್ದು ಇದೇ ಹಿತ್ತಿಲಿನ ಹಳೆಯ ಬೋರು. ಒಂದೇ ರಾತ್ರಿಯಲ್ಲಿ ಕೊರೆದು ಮುಗಿಸಿದ ಆ ಕೆಲಸಗಾರರು, ಮೇಲಿನ ಸಡಿಲ ಮಣ್ಣು ಕುಸಿಯದಂತೆ ಗಟ್ಟಿಬಂಡೆಯವರೆಗೆ ಕೇಸಿಂಗನ್ನು ಇಳಿಬಿಟ್ಟು, ಅದು ಎತ್ತ ವಾಲಿತೆಂಬುದನ್ನು ನೋಡದೆ, ಸುತ್ತಣ ಸಂದಿಗೆ ಸಿಕ್ಕಿದ ಮಣ್ಣನ್ನು ತುಂಬಿ ಹೊರಟುಹೋದರು. ಮೊದಲನೆಯ ಮಳೆಗೇ ನೀರು ಕೆಂಪಾಗಿ, ಕೊಟ್ಟಿಗೆಯ ವಾಸನೆ ಬಂದಿತು. ಅಗೆದು ನೋಡಿದಾಗ ಕೊಳವೆಯು ಮೂಡಣ ಗೋಡೆಗೆ ಒರಗಿಕೊಂಡಿದ್ದು, ಪಡುವಣ ಕಡೆಯಲ್ಲಿ ಕೈ ತೂರುವಷ್ಟು ಪೊಳ್ಳು ಉಳಿದಿದ್ದಿತು. ಅಂಗಳದ ಕೊಳೆಯೆಲ್ಲ ಆ ದಾರಿಯಿಂದ ನೆಟ್ಟಗೆ ಬಾವಿಯನ್ನು ಸೇರುತ್ತಿದ್ದಿತು.

ಇದೇ ಸಮಸ್ಯೆಯು ಸಹಸ್ರ ಪಾಲು ಘೋರವಾಗಿ ಎದುರಾಗುವುದು ತೈಲಬಾವಿಯಲ್ಲಿ. ಅಲ್ಲಿ ಕೇಸಿಂಗಿನ ಒಳಗಿನಿಂದ ಸಿಮೆಂಟಿನ ದ್ರವವನ್ನು ಪಂಪಿನಿಂದ ಕೆಳಕ್ಕೆ ಒತ್ತಿ, ಅದು ತುದಿಯಿಂದ ಹೊರಹೊಮ್ಮಿ, ತೆರಪಿನಲ್ಲಿ ನಿಂತಿರುವ ಕೊರೆತದ ಕೆಸರನ್ನು ಮುಂದೆ ತಳ್ಳುತ್ತ ಮೇಲೇರುವಂತೆ ಮಾಡುತ್ತಾರೆ. 12.25 ಅಂಗುಲದ ರಂಧ್ರದಲ್ಲಿ 9.625 ಅಂಗುಲದ ಕೊಳವೆಯು ಸರಿಯಾಗಿ ನಡುವೆ ನಿಂತರೆ ಸುತ್ತಲೂ ಉಳಿಯುವುದು ಸುಮಾರು 33 ಮಿಲಿಮೀಟರು. ಕೊಳವೆಯು ವಾಲಿ ಒಂದು ಕಡೆ 22, ಎದುರು ಕಡೆ 44 ಆಯಿತೆನ್ನಿ. ಅಗಲವು ಇಮ್ಮಡಿಯಾದರೆ ಹರಿವಿನ ವೇಗವು ನಾಲ್ಮಡಿಯಾಗುವುದು ಸ್ನಿಗ್ಧದ್ರವಗಳ ಸಾಮಾನ್ಯ ಸ್ವಭಾವ. ಕೆಸರಾದರೋ, ಅಲುಗದೆ ನಿಂತಾಗ ಹೆಪ್ಪುಗಟ್ಟುವ ಗುಣವುಳ್ಳದ್ದು. ಆದುದರಿಂದ ಸಿಮೆಂಟು ವಿಶಾಲವಾದ ಕಡೆಯಲ್ಲಿ ನಿರಾಯಾಸವಾಗಿ ಏರಿಹೋಗುತ್ತಿರುವಾಗ, ಇಕ್ಕಟ್ಟಾದ ಕಡೆಯಲ್ಲಿ ಕೆಸರು ಮಂದವಾಗಿ ಚಲಿಸಿ, ಅತಿ ಇಕ್ಕಟ್ಟಾದರೆ ಕದಲದೆಯೇ ಉಳಿದು, ಮುಂದೊಂದು ದಿನ ಅನಿಲವು ನುಸುಳಿ ಮೇಲೆ ಬರುವುದಕ್ಕೆ ಕಾಲುವೆಯಾಗುತ್ತದೆ.

ಇದನ್ನು ತಡೆಯುವ ಉಪಕರಣಕ್ಕೆ ಸೆಂಟ್ರಲೈಜರ್ ಎಂದು ಹೆಸರು. ಎರಡು ಉಕ್ಕಿನ ಪಟ್ಟಗಳ ನಡುವೆ ಬಿಲ್ಲಿನಂತೆ ಹೊರಬಾಗಿದ ಸ್ಪ್ರಿಂಗ್ ಪಟ್ಟಿಗಳುಳ್ಳ ಈ ಪಂಜರವನ್ನು ಕೊಳವೆಗೆ ತೊಡಿಸಿ, ಅದು ಜಾರದಂತೆ ತಡೆಬಳೆಯನ್ನು ಬಿಗಿದು ಇಳಿಸಿದರೆ, ಪಟ್ಟಿಗಳು ರಂಧ್ರದ ಗೋಡೆಯನ್ನು ಒತ್ತುತ್ತ ಕೊಳವೆಯನ್ನು ನಡುವಿಗೆ ತಳ್ಳುತ್ತವೆ. ಬಾಗದ ಗಟ್ಟಿ ರೆಕ್ಕೆಗಳ ಜಾತಿಯೂ ಉಂಟು. ವಾಲಿದ ಬಾವಿಯಲ್ಲಿ ಕೊಳವೆಯ ಭಾರವು ಕೆಳಮಗ್ಗುಲಿಗೆ ಬೀಳುವುದರಿಂದ ಈ ಪಂಜರಗಳನ್ನು ಒತ್ತೊತ್ತಾಗಿ ತೊಡಿಸಬೇಕು; ನೇರವೆಂದು ನಾವು ನಂಬಿದ ಬಾವಿಯೂ ಸಂಪೂರ್ಣವಾಗಿ ನೇರವಾಗಿರುವುದಿಲ್ಲ. ನನ್ನ ರುಚಿಗೆ ಬಿಲ್ಲುಪಟ್ಟಿಯದೇ ಶ್ರೇಷ್ಠ. ರಂಧ್ರವು ಹಿಗ್ಗಿದ ಕಡೆ ತಾನೂ ಹಿಗ್ಗಿ, ಕುಗ್ಗಿದ ಕಡೆ ತಾನೂ ಕುಗ್ಗುವ ಸೌಜನ್ಯ ಅದಕ್ಕಿದೆ.

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಮಕೊಂಡೊ ಬಾವಿಯು ಸ್ಫೋಟಿಸಿ ಹನ್ನೊಂದು ಮಂದಿ ಅಸುನೀಗಿದಾಗ ಈ ಸಣ್ಣ ಪಂಜರದ ಹೆಸರು ಜಗತ್ತಿಗೆಲ್ಲ ಕೇಳಿಸಿತು. ಗಣಕದ ಲೆಕ್ಕವು 21 ಬೇಕೆಂದಿತ್ತು, ತೊಡಿಸಿದ್ದು 6. ಉಳಿದ 15ನ್ನು ಹೆಲಿಕಾಪ್ಟರಿನಲ್ಲಿ ತರಿಸಿಯೂ, ಅವು ತಕ್ಕ ಬಗೆಯವಲ್ಲವೆಂದು ಭಾವಿಸಿ ಬಿಟ್ಟರು. ದುರಂತದ ಭಾರವನ್ನೆಲ್ಲ ಈ ಆರರ ಮೇಲೆಯೇ ಹೇರುವುದು ನ್ಯಾಯವಲ್ಲ. ನೈಟ್ರೋಜನ್ ಬೆರೆಸಿದ ನೊರೆಸಿಮೆಂಟಿನ ಸ್ಥಿರತೆಯೇ ಸಂದೇಹಾಸ್ಪದವಾಗಿದ್ದಿತು, ಒತ್ತಡದ ಪರೀಕ್ಷೆಯನ್ನು ತಪ್ಪಾಗಿ ಓದಿದ್ದರು. ಆದರೂ ಹದಿನೈದು ಪಂಜರಗಳು ಕೊರೆಯುವ ತೇಲುವೇದಿಕೆಯ ಮೇಲೆಯೇ ಉಳಿದುವೆಂಬ ಸಂಗತಿ ನನ್ನ ಮನಸ್ಸನ್ನು ಇಂದಿಗೂ ಬಿಟ್ಟಿಲ್ಲ.

ಹೊಸ ಬೋರನ್ನು ಕೊರೆಸುವಾಗ, ತಿರುಚೆಂಗೋಡಿನ ಕಡೆಯಿಂದ ಬಂದ ಯಂತ್ರದವರಿಗೆ, ಬಂಡೆ ಸಿಕ್ಕುವವರೆಗೆ ಹನ್ನೆರಡು ಅಂಗುಲದ ರಂಧ್ರ ಬೇಕೆಂದು ಹೇಳಿ, ನಮ್ಮ ಕಮ್ಮಾರನಿಂದ ಬಾಗಿಸಿ ತಂದ ಕಬ್ಬಿಣದ ಪಟ್ಟಿಗಳನ್ನು ಏಳು ಅಂಗುಲದ ಕೇಸಿಂಗಿನ ಸುತ್ತ ಮೂರು ಮೂರರಂತೆ ಬಿಗಿಸಿದೆನು. “ಸ್ವಾಮಿ, ನೀರಿನ ಬೋರಿಗೆ ಇಷ್ಟೆಲ್ಲ ಯಾತಕ್ಕೆ?” ಎಂದು ಮೇಸ್ತ್ರಿ ಕೇಳಿದನು. ಹಳೆಯ ಬೋರನ್ನು ತೋರಿಸಿದೆನು. ಆಮೇಲೆ ಅವನೇ ಮುಂದೆ ನಿಂತನು. ಐವತ್ತು ಕಿಲೋ ಚೀಲಕ್ಕೆ ಸುಮಾರು 25 ಲೀಟರು ನೀರಿನಂತೆ ಕಲಸಿದ ಸಿಮೆಂಟನ್ನು, ಪಟ್ಟಿಗಳ ನಡುವೆ ತಳದವರೆಗೆ ಇಳಿಸಿದ ಸಣ್ಣ ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ತುಂಬಿಸಿದೆವು. ಸಿಮೆಂಟು ಬಲಿಯುವ ತನಕ ಬಂಡೆಯ ಕೊರೆತವನ್ನು ನಿಲ್ಲಿಸಬೇಕಾಗಿ, ಯಂತ್ರದ ಕಾಯುವಿಕೆಗೂ ನಾನು ಹಣ ತೆತ್ತೆನು. ಸಂಜೆಯ ವೇಳೆಗೆ ಆ ಬೂದುಬಣ್ಣದ ದ್ರವವು ಕೊಳವೆಯ ನಾಲ್ಕು ದೆಸೆಗಳಲ್ಲಿಯೂ ಏಕಕಾಲದಲ್ಲಿ ನೆಲಮಟ್ಟಕ್ಕೆ ಏರಿ ಬಂದಿತು. ಮೇಸ್ತ್ರಿಯು ಬಗ್ಗಿ, ಮೂಡಣ ಕಡೆಯಲ್ಲೊಮ್ಮೆ ಪಡುವಣ ಕಡೆಯಲ್ಲೊಮ್ಮೆ ಬೆರಳಿಟ್ಟು ಅಳೆದು, ಪೈಪನ್ನು ಮೆಲ್ಲಗೆ ಮೇಲಕ್ಕೆಳೆದನು.